ಬಾನುಲಿಯಲ್ಲಿ ಒಂದು ಸಂಜೆ ಕಟ್ಟುವಾಗ

ತಿಂಗಳಿಗೊಂದು ಶನಿವಾರ ಸಂಜೆ ನಮ್ಮ ಸಮುದಾಯ ಬಾನುಲಿಯಲ್ಲಿ ಎರಡು ಗಂಟೆಗಳ ಸಾಹಿತ್ಯ, ಸಂಗೀತ ಕಾರ್ಯಕ್ರಮವಿರುತ್ತದೆ. ಅದನ್ನು ಕಟ್ಟುವ ಹೊಣೆ ನನ್ನದು. ನಮ್ಮದು 50 ವ್ಯಾಟ್‌ಗಳ ಟ್ರಾನ್ಸ್‌ಮಿಟರ್. ಪಟ್ಟಣ, ಸುತ್ತಲಿನ ಹಳ್ಳಿಗಳನ್ನು ದಾಟಿದರೆ ಬರೀ ಕರಕರ ಸದ್ದು. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅಂಥ ನಾಡಿನಲ್ಲಿ ನಮ್ಮ ಸ್ಟುಡಿಯೊ ಒಂದು ಸಣ್ಣ ಕೋಣೆಯಾಗಿರುವುದು ಕೊರತೆಯೆಂದು ನನಗೆ ಎಂದೂ ಅನ್ನಿಸಿಲ್ಲ.

ಪುಸ್ತಕ ಓದುವವರು ಅರ್ಥವಾಗದ ಸಾಲಿಗೆ ಮರಳಬಹುದು. ನಮ್ಮ ಕೇಳುಗರು ರೊಟ್ಟಿ ತಟ್ಟುತ್ತಾ, ಹೂ ಕಟ್ಟುತ್ತಾ, ಅಂಗಡಿಯ ಗಲ್ಲಾದ ಮುಂದೆ ಕುಳಿತು ಕೇಳುವವರು. ಒಮ್ಮೆ ಕಿವಿ ತಪ್ಪಿದ ಮಾತು ಹೋದಂತೆಯೇ. ಹಾಗಾಗಿ ನನ್ನ ಸಿದ್ಧತೆಯ ಮುಕ್ಕಾಲು ಪಾಲು ಬರಹವನ್ನು ಮಾತಾಗಿಸುವುದರಲ್ಲೇ ಕಳೆಯುತ್ತದೆ.

ಕಳೆದ ಸಲ ನಮ್ಮೂರ ಕೆರೆಗಳ ಬಗ್ಗೆ ಮಾತನಾಡಲು ನಿವೃತ್ತ ಮೇಷ್ಟರೊಬ್ಬರು ಬಂದಿದ್ದರು. ಅಂದವಾದ ಪ್ರಬಂಧ ಬರೆದು ತಂದಿದ್ದರು. ಹತ್ತು ನಿಮಿಷಕ್ಕೆ ಸಾವಿರ ಪದ ದಾಟಿದರೆ ಓದು ಓಟವಾಗುತ್ತದೆ. ಅವರದು ಅದಕ್ಕಿಂತ ಹೆಚ್ಚಿತ್ತು. “ಮೇಷ್ಟ್ರೇ, ಕೆರೆಯ ನೀರು ಬಿಡುವ ನೀರುಗಂಟಿ ತೂಬು ಎತ್ತುತ್ತಿದ್ದ ಸಂಗತಿ ಮೂರನೆಯ ಪುಟದಲ್ಲಿದೆಯಲ್ಲ, ಅಲ್ಲಿಂದಲೇ ಶುರು ಮಾಡೋಣವೇ?” ಎಂದೆ. ಅವರು ಹಾಳೆಗಳನ್ನು ಮಡಚಿಟ್ಟು, “ಹಾಗಾದರೆ ನೀನು ಎದುರಿಗೆ ಕುಳಿತುಕೊಳ್ಳಮ್ಮ, ನಿನಗೇ ಹೇಳುತ್ತೇನೆ” ಎಂದರು. ಕೋಡಿ ಬಿದ್ದ ರಾತ್ರಿ ಊರಿಗೆ ಊರೇ ಏರಿಯ ಮೇಲೆ ನಿಂತದ್ದನ್ನು ಅವರು ಹೇಳಿದ ರೀತಿ ಯಾವ ಪ್ರಬಂಧದಲ್ಲೂ ಬರಲಾರದು.

ಕವಿತೆಯನ್ನು ಎರಡು ಸಲ ಓದಿಸುತ್ತೇನೆ. ಮೈಕ್ ಬಾಯಿಗೆ ನೇರವಾಗಿರದೆ ತುಸು ಓರೆಯಾಗಿರಬೇಕು, ಇಲ್ಲದಿದ್ದರೆ ಪ, ಫ, ಭ ಅಕ್ಷರಗಳ ಉಸಿರು ಬಡಿಯುತ್ತದೆ. ಓದಿನ ಹಿಂದೆ ಕೊಳಲು ಹರಿಸುವ ರೂಢಿಗೆ ನನ್ನ ಒಪ್ಪಿಗೆಯಿಲ್ಲ. ಕವಿತೆಗೆ ಅದರದೇ ಲಯವಿರುವಾಗ ಇನ್ನೊಂದನ್ನು ಹೇರುವುದೇಕೆ? ರಾಗ ಬೇಕೆನ್ನುವವರಿಗೆ ಗಮಕವಿದೆ. ಗಮಕಿ ಒಂದು ಷಟ್ಪದಿ ವಾಚಿಸುತ್ತಾರೆ, ವ್ಯಾಖ್ಯಾನಕಾರರು ಅದರ ಅರ್ಥ ಬಿಡಿಸುತ್ತಾರೆ. ಬಾನುಲಿಗೆ ಇಷ್ಟು ಒಗ್ಗುವ ಕಲೆ ಇನ್ನೊಂದನ್ನು ನಾನು ಕಂಡಿಲ್ಲ.

ಹೆಚ್ಚು ದುಡಿಸಿಕೊಳ್ಳುವುದು ನಾಟಕ. ಒಂದು ದೃಶ್ಯದಲ್ಲಿ ಮೂವರಿಗಿಂತ ಹೆಚ್ಚು ಜನ ಮಾತನಾಡಿದರೆ ಯಾರು ಯಾರೆಂದು ತಿಳಿಯದು. ಪಾತ್ರ ಹಂಚುವಾಗ ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ. ಎರಡು ದನಿಗಳು ಒಂದೇ ಥರ ಕೇಳಿಸಿದರೆ, ನಟನೆ ಎಷ್ಟೇ ಚೆನ್ನಾಗಿದ್ದರೂ ಒಬ್ಬರನ್ನು ಬದಲಿಸುತ್ತೇನೆ. ಹೊಸ ಪಾತ್ರ ಬಂದ ಕೂಡಲೇ ಯಾರಾದರೂ ಅದರ ಹೆಸರು ಹಿಡಿದು ಕರೆಯಬೇಕು. ಪಾತ್ರಧಾರಿ ಗೋಡೆಯ ಬಳಿಯಿಂದ ಮಾತನಾಡುತ್ತಾ ಮೈಕಿನ ಹತ್ತಿರ ಬಂದರೆ ಅಂಗಳದಿಂದ ಪಡಸಾಲೆಗೆ ಬಂದಂತಾಗುತ್ತದೆ. ಮಳೆಗೆ ನಾವು ಮುದ್ರಿತ ಸದ್ದು ಬಳಸುವುದಿಲ್ಲ. ರಾಗಿಯನ್ನು ಸ್ಟೀಲ್ ತಟ್ಟೆಯ ಮೇಲೆ ಜಾರಿಸಿದರೆ ತಗಡಿನ ಸೂರಿನ ಮೇಲೆ ಬೀಳುವ ಮಳೆ; ಮೊರದಲ್ಲಿ ಜಾರಿಸಿದರೆ ದೂರದ ಸೋನೆ. ಬೆಂಕಿಗೆ ಬಿಸ್ಕತ್ತಿನ ಪೊಟ್ಟಣದ ಕಾಗದವನ್ನು ಮೆಲ್ಲಗೆ ಹಿಸುಕುತ್ತೇವೆ. ಮಾತಿನ ಹಾಳೆಗಳಿಗೆ ಪಿನ್ ಹೊಡೆಯುವುದಿಲ್ಲ. ಮಗುಚುವ ಸದ್ದು ಬಾರದಂತೆ ಓದಿ ಮುಗಿದ ಹಾಳೆಯನ್ನು ಪಕ್ಕಕ್ಕೆ ಸರಿಸುತ್ತಾರೆ.

ನಾಟಕವಾದ ತಕ್ಷಣ ಉದ್ಘೋಷಣೆ ಬೇಡ. ತಂಬೂರಿ ಕೆಲಹೊತ್ತು ಮಿಡಿಯಲಿ, ಆಮೇಲೆ ಗಾಯಕರ ಹೆಸರು ಹೇಳಿದರಾಯಿತು. ಸಂಗೀತ ಕಛೇರಿಗೆ ಕೊನೆಯ ಅರ್ಧ ಗಂಟೆ ಮೀಸಲು. ಹಿಂದಿನದು ಉದ್ದವಾಯಿತೆಂದು ಹಾಡನ್ನು ನಡುವೆ ಮುಸುಕಾಗಿಸುವುದು ಕಲಾವಿದರಿಗೆ ಮಾಡುವ ಅವಮಾನ. ಅದಕ್ಕೇ ಎಲ್ಲರ ಅವಧಿಯನ್ನೂ ಮೊದಲೇ ಗಡಿಯಾರ ಹಿಡಿದು ಅಳೆದಿರುತ್ತೇನೆ. ಕೊನೆಗೆ ಓದುವ ಹೆಸರುಗಳ ಪಟ್ಟಿಯಲ್ಲಿ ರಾಗಿ ಜಾರಿಸಿದ ಹುಡುಗನ ಹೆಸರೂ ಇರುತ್ತದೆ.

ಭಾನುವಾರ ಮಧ್ಯಾಹ್ನ ಮರುಪ್ರಸಾರ. ಕಳೆದ ಸಲ ಅದಾದ ಮೇಲೆ ಬಂದ ಕರೆಗಳಲ್ಲಿ ಹೆಚ್ಚಿನವು ಮೇಷ್ಟರಿಗಾಗಿ. ಒಬ್ಬರು ತಮ್ಮ ತಾತ ನೀರುಗಂಟಿಯಾಗಿದ್ದರೆಂದೂ, ಆ ಕೆಲಸದ ಲೆಕ್ಕಾಚಾರ ತಮಗೂ ಗೊತ್ತಿದೆಯೆಂದೂ ಹೇಳಿದರು. ಮುಂದಿನ ತಿಂಗಳ ಮಾತು ಅವರದೇ.