ಏಕವಚನವೋ ಬಹುವಚನವೋ: ಗೇಮ್ ವಿಕಿಯಲ್ಲಿ ನಾನು ಮಾಡಿದ್ದು

ವಿಡಿಯೋ ಗೇಮ್ ಬಗ್ಗೆ ಹಲವರು ಸೇರಿ ಬರೆಯುವ ನಮ್ಮ ವಿಕಿಯಲ್ಲಿ ಲೇಖನದ ಶೀರ್ಷಿಕೆ ಏಕವಚನ ಇರಬೇಕೋ ಬಹುವಚನ ಇರಬೇಕೋ ಅನ್ನೋದು ಪ್ರಶ್ನೆ. ವಸ್ತು ಒಂದೇ ಒಂದು ಕೈಯಲ್ಲಿದ್ದಾಗ ಆಟ ಅದನ್ನು ಏನಂತ ತೋರಿಸುತ್ತದೋ, ಅದೇ ಲೇಖನದ ಶೀರ್ಷಿಕೆ. ನನ್ನ ನಿಯಮ ಇಷ್ಟೇ. ಹೇಳಿದಾಗ ಜೊತೆಯ ಸಂಪಾದಕರು "ಇದೆಲ್ಲ ನಡೆಯಲ್ಲ ಬಿಡಿ" ಅಂದಿದ್ದರು. ಈಗ ಸುಮಾರು ಎರಡು ಸಾವಿರ ಪುಟ ಅದರ ಮೇಲೇ ನಿಂತಿವೆ.

ಅದಕ್ಕೂ ಮುಂಚಿನ ಪಾಡು ಕೇಳಿ. ಮೊದಲು ವಿಕಿಪೀಡಿಯದ ದಾರಿ ಹಿಡಿದೆವು, ಆದಷ್ಟೂ ಏಕವಚನ. ಆಟದ ಶತ್ರುಗಳಾದ ಕ್ರೀಪರ್, ಝಾಂಬಿ ಸಲೀಸಾಗಿ ಹೋದವು. ಮೈನ್‌ಕ್ರಾಫ್ಟ್‌ನ ಬ್ರಿಕ್ ಬಂದಾಗ ಗಾಡಿ ನಿಂತಿತು. ಜೇಡಿಮಣ್ಣಿನ ಉಂಡೆ ಸುಟ್ಟರೆ ಸಿಗೋದು ಬ್ರಿಕ್. ಅಂಥ ನಾಲ್ಕು ಸೇರಿಸಿದರೆ ಆಗುವ ಬ್ಲಾಕ್ ಬ್ರಿಕ್ಸ್. ಎರಡೂ ಬೇರೆ ಬೇರೆ ವಸ್ತು! ಬಹುವಚನದ ಇಂಗ್ಲಿಷ್ ಎಸ್ ಕಿತ್ತರೆ ಒಂದು ಲೇಖನಕ್ಕೆ ಜಾಗವೇ ಇಲ್ಲ. ಬೂಟ್ಸ್, ಶಿಯರ್ಸ್, ಸ್ಟೇರ್ಸ್ ಅಂತೂ ಒಂದೇ ಇದ್ದರೂ ಆಟದಲ್ಲಿ ಬಹುವಚನವೇ.

ಅಷ್ಟರಲ್ಲಿ ಗೆಳೆಯನೊಬ್ಬ ಬಾಟ್ (ತಾನೇ ಪುಟ ತಿದ್ದುವ ಪ್ರೋಗ್ರಾಂ) ಬರೆದು ಶೀರ್ಷಿಕೆಗಳ ಕೊನೆಯ ಎಸ್ ಎಲ್ಲ ಉದುರಿಸಿಬಿಟ್ಟ. ಗ್ಲಾಸ್, ಕಂಪಾಸ್‌ಗಳ ಬಾಲವೂ ಹೋಯಿತು. ಕ್ಯಾಕ್ಟಸ್ ಹೋಗಿ ಕ್ಯಾಕ್ಟು ಆಯಿತು. ಹೆಸರು ವಾಪಸ್ ಸರಿಸುವ ಗಡಿಬಿಡಿಯಲ್ಲಿ, ಹಳೆ ಹೆಸರಿನಿಂದ ಹೊಸ ಪುಟಕ್ಕೆ ತಾನೇ ಕಳಿಸುವ ರೀಡೈರೆಕ್ಟ್ ಇನ್ನೊಂದು ರೀಡೈರೆಕ್ಟಿಗೇ ಹೋಗುವ ಡಬಲ್ ರೀಡೈರೆಕ್ಟ್‌ಗಳ ರಾಶಿ. ಗೊತ್ತಲ್ಲ, ವಿಕಿ ನಡೆಸುವ ತಂತ್ರಾಂಶ ಮೀಡಿಯಾವಿಕಿ ಒಂದೇ ಹಾರು ಹಾರುತ್ತದೆ, ಎರಡನೆಯದಕ್ಕೆ ಓದುಗ ನಡುದಾರಿಯಲ್ಲೇ ಬಾಕಿ. ಜನ ಬರೋದು ಕಮ್ಮಿಯಾಯಿತು, ಜಾಹೀರಾತಿನ ದುಡ್ಡು ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು. ಎರಡು ಮೂರು ತಿಂಗಳು ಸರ್ವರ್ ಬಾಡಿಗೆಗೆ ನಾನೇ ಜೇಬಿಂದ ಹಾಕಿದೆ. ಅದರ ಮೇಲೆ ಸರ್ಚ್ ಸಲಹೆಗಾರರೊಬ್ಬರು ಫೀಸು ತಗೊಂಡು, "ಜನ ಹುಡುಕೋದು ಬಹುವಚನದಲ್ಲಿ, ಎಲ್ಲ ಬದಲಿಸಿ" ಅಂದರು. ಫೀಸು ಕೊಟ್ಟಾಗಿತ್ತಲ್ಲ, ಶತ್ರುಗಳ ಐವತ್ತು ಅರವತ್ತು ಪುಟಗಳಲ್ಲಿ ಮಾಡಿ ನೋಡಿದೆ. ಕಣ್ಣಿಗೆ ಕಾಣುವಂಥ ವ್ಯತ್ಯಾಸವೇನೂ ಬರಲಿಲ್ಲ. ಸಂಪಾದಕರಿಗೆ ಮಾತ್ರ ಪ್ರತಿ ಲಿಂಕಿಗೂ ಪೈಪ್ ಹಾಕುವ, ಅಂದರೆ ಗೆರೆ ಎಳೆದು ಪುಟದ ಹೆಸರು ಒಂದು, ಕಾಣುವ ಪದ ಇನ್ನೊಂದು ಅಂತ ಎರಡೂ ಬರೆಯುವ ಕೆಲಸ ಬಿತ್ತು. ಶೀರ್ಷಿಕೆ ಏಕವಚನವಾಗಿದ್ದರೆ ಲಿಂಕಿನ ಬ್ರಾಕೆಟ್ ಮುಚ್ಚಿ ಪಕ್ಕದಲ್ಲೇ ಎಸ್ ಒತ್ತಿದರೆ ಸಾಕು, ಅದೂ ಲಿಂಕಿನೊಳಗೇ ಸೇರಿಕೊಳ್ಳುತ್ತದೆ.

ಕೊನೆಗೆ ವಾದ ಬಿಟ್ಟು ಆಟದ ಲ್ಯಾಂಗ್ವೇಜ್ ಫೈಲನ್ನೇ ತೆಗೆದೆ. ವಸ್ತುಗಳ ಹೆಸರೆಲ್ಲ ಅಲ್ಲೇ ಇವೆ, ಅಭಿಪ್ರಾಯ ಕೇಳುವ ಪ್ರಮೇಯವೇ ಇಲ್ಲ. ಪಟ್ಟಿ ಮಾಡಿ, ಶೀರ್ಷಿಕೆಗಳ ಜೊತೆ ಹೋಲಿಸಿ, ತಪ್ಪಿದ್ದನ್ನು ಮಾತ್ರ ಸರಿಸಿದೆ. ಇನ್ನೊಂದು ವಚನದಿಂದ ರೀಡೈರೆಕ್ಟ್ ಕೊಟ್ಟೆ, ಆದರೆ ಆ ಹೆಸರಿನ ಬೇರೆ ವಸ್ತು ಆಟದಲ್ಲಿ ಇಲ್ಲ ಅಂತ ಖಾತ್ರಿ ಆದ ಮೇಲೆ. ಬ್ರಿಕ್, ಬ್ರಿಕ್ಸ್ ಥರದ ಜೋಡಿಗಳಲ್ಲಿ ರೀಡೈರೆಕ್ಟ್ ಇಲ್ಲ, ಎರಡೂ ಪುಟದ ತಲೆಯ ಮೇಲೆ ಒಂದೊಂದು ಸಾಲಿನ ಸೂಚನೆ ಅಷ್ಟೇ. ಇಂಥ ಜೋಡಿಗಳನ್ನು ಒಂದೇ ಏಟಿಗೆ ಹಿಡಿಯುವ ಫಿಲ್ಟರ್ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಹಾಕಲ್ಲ, ಬಹಳ ನಿದ್ದೆ ಕೆಟ್ಟು ಮಾಡಿದ್ದು.

ಪುಟಗಳನ್ನು ಗುಂಪು ಮಾಡುವ ವರ್ಗಗಳ ಹೆಸರು ಮೊದಲಿನಂತೆ ಬಹುವಚನದಲ್ಲೇ ಇವೆ, ಅದರಲ್ಲಿ ತಕರಾರಿಲ್ಲ. ಆಟದ ಹೆಸರನ್ನಂತೂ ಮುಟ್ಟೋ ಹಾಗೇ ಇಲ್ಲ. 1978ರ ಸ್ಪೇಸ್ ಇನ್ವೇಡರ್ಸ್, 1991ರ ಲೆಮಿಂಗ್ಸ್, 1995ರ ವರ್ಮ್ಸ್ ಇದ್ದ ಹಾಗೇ. ಲೆಮಿಂಗ್ಸ್ ಒಳಗಿನ ಆ ಪುಟ್ಟ ಪ್ರಾಣಿಗೆ ಮಾತ್ರ ಲೆಮಿಂಗ್ ಅಂತ ಬೇರೆ ಪುಟ ಮಾಡಿದೆ. ಅಂದು ನಡೆಯಲ್ಲ ಅಂದವರಲ್ಲೇ ಇಬ್ಬರು ಈಗ ಫಿಲ್ಟರ್ ಕೊಡಿ ಅಂತ ಬೆನ್ನು ಹತ್ತಿದ್ದಾರೆ.