ಓಟಿಪಿ ಮೆಸೇಜಿಗೆ ಕಾಯುವುದು ಬಿಡಿ, ಕೋಡ್ ಮೊಬೈಲಲ್ಲೇ ಹುಟ್ಟಲಿ

ಸಂಜೆ ಆರರ ಹೊತ್ತು. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್. ಪ್ಯಾಂಟಿನ ಬಂಡಲ್ ಕಟ್ಟಿ ಮುಗಿದಿದೆ, ಗಾಡಿ ಬಾಗಿಲಲ್ಲಿ ನಿಂತಿದೆ. ಲೆಕ್ಕ ನೋಡುವ ಹುಡುಗ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ) ತೆಗೆಯಲು ಕೂತಿದ್ದಾನೆ. ಯೂಸರ್‌ನೇಮ್ ಸರಿ, ಪಾಸ್‌ವರ್ಡ್ ಸರಿ. ಆದರೆ ಓಟಿಪಿ ಹೋಗುವುದು ಮಾಲೀಕರ ಫೋನಿಗೆ. ಮಾಲೀಕರು ಹೊಸಪೇಟೆಯಲ್ಲಿ ಮದುವೆಗೆ ಹೋಗಿದ್ದಾರೆ.

"ಅಣ್ಣಾ, ಓಟಿಪಿ ಬಂತೇನ್ರಿ?"

"ಇಲ್ಲಿ ಬಾಜಾ ಗದ್ದಲ, ಏನೂ ಕೇಳವಲ್ದು. ಇನ್ನೊಮ್ಮೆ ಹಾಕು."

ಈ ಪರದಾಟ ಜೀನ್ಸಿನವರಿಗೆ ಮಾತ್ರ ಅಲ್ಲ. ಜಿಮೇಲ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಷೇರು ಖಾತೆ, ಎಲ್ಲ ಕಡೆಯೂ ಈಗ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುತ್ತಾರೆ. ಆ ಇನ್ನೊಂದು ಗುರುತನ್ನು ಎಸ್ಎಂಎಸ್‌ಗೆ ಕಾಯದೆ ಮೊಬೈಲಿನ ಒಂದು ಆ್ಯಪ್‌ನಲ್ಲೇ ತೆಗೆಯಬಹುದು. ಇದಕ್ಕೆ ಅಥೆಂಟಿಕೇಟರ್ ಆ್ಯಪ್ ಅನ್ನುತ್ತಾರೆ. ಹಾಕಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಫೋನ್ ಕಳೆದ ದಿನಕ್ಕೆ ಮೊದಲೇ ತಯಾರಿ ಮಾಡಿಕೊಳ್ಳುವುದೇ ಇದರಲ್ಲಿ ನಿಜವಾದ ಕೆಲಸ. ಬಹಳ ಜನ ಅದನ್ನೇ ಬಿಟ್ಟುಬಿಡುತ್ತಾರೆ.

ಎಸ್ಎಂಎಸ್ ಇರುವಾಗ ಇದೇಕೆ?

ಎಸ್ಎಂಎಸ್ ತಡವಾಗುತ್ತದೆ. ತಗಡಿನ ಶೆಡ್ ಒಳಗೆ ಸಿಗ್ನಲ್ ಸಿಗದಿದ್ದರೆ ಬರುವುದೇ ಇಲ್ಲ. ಅದು ಸಣ್ಣ ತಾಪತ್ರಯ. ದೊಡ್ಡದು ಬೇರೆ ಇದೆ. ಕಳ್ಳರು ನಿಮ್ಮ ಹೆಸರಲ್ಲಿ ಡೂಪ್ಲಿಕೇಟ್ ಸಿಮ್ ತೆಗೆದರೆ ಓಟಿಪಿ ಅವರ ಕೈಗೇ ಹೋಗುತ್ತದೆ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ 'ಮದುವೆ ಕರೆಯೋಲೆ', 'ಟ್ರಾಫಿಕ್ ದಂಡ' ಅಂತ ಬರುವ ಎಪಿಕೆ ಫೈಲ್‌ಗಳು. ಒತ್ತಿ ಇನ್‌ಸ್ಟಾಲ್ ಮಾಡಿದರೆ ಅವು ನಿಮ್ಮ ಮೆಸೇಜ್‌ಗಳನ್ನೇ ಓದಿ ಕಳ್ಳರಿಗೆ ಕಳಿಸುತ್ತವೆ.

ಅಥೆಂಟಿಕೇಟರ್‌ನಲ್ಲಿ ಮೆಸೇಜ್ ಬರುವ ಮಾತೇ ಇಲ್ಲ. ಮೊದಲ ದಿನ ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೀರಿ. ಅದರೊಳಗೆ ಒಂದು ಗುಟ್ಟಿನ ಕೀ ಇರುತ್ತದೆ. ಆ ಕೀ ಮತ್ತು ಆಗಿನ ಸಮಯ ಎರಡನ್ನೂ ಸೇರಿಸಿ ಆ್ಯಪ್ 6 ಅಂಕಿಯ ಕೋಡ್ ಲೆಕ್ಕ ಹಾಕುತ್ತದೆ. ಆ ಕಡೆ ಕಂಪನಿಯ ಸರ್ವರ್ ಕೂಡ ಅದೇ ಲೆಕ್ಕ ಹಾಕಿ ತಾಳೆ ನೋಡುತ್ತದೆ. 30 ಸೆಕೆಂಡಿಗೊಮ್ಮೆ ಕೋಡ್ ಬದಲಾಗುತ್ತದೆ. ಟಿಓಟಿಪಿ ಅನ್ನುವ ಈ ಪದ್ಧತಿ 2011ರಲ್ಲೇ ಎಲ್ಲರಿಗೂ ಸಾಮಾನ್ಯವಾದ ಮಾದರಿಯಾಗಿ ಪ್ರಕಟವಾಯಿತು. ಹಾಗಾಗಿ ಗೂಗಲ್ ಆ್ಯಪ್‌ನಲ್ಲಿ ಫೇಸ್‌ಬುಕ್ ಕೋಡ್ ಬರುತ್ತದೆ, ಮೈಕ್ರೋಸಾಫ್ಟ್ ಆ್ಯಪ್‌ನಲ್ಲಿ ಜಿಮೇಲ್ ಕೋಡ್ ಬರುತ್ತದೆ. ಕೋಡ್ ತೆಗೆಯಲು ನೆಟ್ ಬೇಡ, ಸಿಮ್ ಕೂಡ ಬೇಡ.

ಯಾವ ಆ್ಯಪ್?

ಗೂಗಲ್ ಅಥೆಂಟಿಕೇಟರ್ ಅಥವಾ ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಸಾಕು. ಎರಡೂ ಉಚಿತ. ಪ್ಲೇ ಸ್ಟೋರ್‌ನಲ್ಲಿ ಹುಡುಕಿದಾಗ ಅದೇ ತರಹದ ಹೆಸರು, ಅದೇ ತರಹದ ಬಣ್ಣದ ಆ್ಯಪ್‌ಗಳು ಸಾಲಾಗಿ ಬರುತ್ತವೆ. ಕೆಲವು ವಾರಕ್ಕಿಷ್ಟು ಅಂತ ದುಡ್ಡು ಕೇಳುತ್ತವೆ. ಹೆಸರಿನ ಕೆಳಗೆ ತಯಾರಿಸಿದವರು ಯಾರು ಅಂತ ನೋಡಿಯೇ ಇನ್‌ಸ್ಟಾಲ್ ಒತ್ತಿ.

ಮೊದಲು ಜಿಮೇಲ್‌ಗೆ ಹಾಕಿ

ಜಿಮೇಲ್ ಕೈತಪ್ಪಿದರೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸಲು ಕಳ್ಳರಿಗೆ ಅದೇ ದಾರಿ. ಅದಕ್ಕೇ ಇದರಿಂದ ಶುರು ಮಾಡಿ. ಗೂಗಲ್ ಅಕೌಂಟ್ ತೆರೆದು ಸೆಕ್ಯೂರಿಟಿ ವಿಭಾಗಕ್ಕೆ ಹೋಗಿ. ಅಲ್ಲಿ '2-ಸ್ಟೆಪ್ ವೆರಿಫಿಕೇಶನ್' ಒಳಗೆ 'ಅಥೆಂಟಿಕೇಟರ್' ಸಿಗುತ್ತದೆ. ಅದನ್ನು ಒತ್ತಿದರೆ ಪರದೆ ಮೇಲೆ ಕ್ಯೂಆರ್ ಕೋಡ್ ಬರುತ್ತದೆ. ಮೊಬೈಲಿನ ಅಥೆಂಟಿಕೇಟರ್ ತೆರೆದು, ಪ್ಲಸ್ ಗುರುತು ಒತ್ತಿ, ಅದೇ ಆ್ಯಪ್‌ನ ಸ್ಕ್ಯಾನರ್‌ನಿಂದ ಸ್ಕ್ಯಾನ್ ಮಾಡಿ. ಕ್ಯೂಆರ್ ಕಂಡ ಕೂಡಲೇ ಫೋನ್‌ಪೇ ತೆರೆಯುವ ಅಭ್ಯಾಸ ನಮಗೆ ಜಾಸ್ತಿ, ಅಲ್ವಾ? ಅದರಿಂದ ಇಲ್ಲಿ ಕೆಲಸ ಆಗುವುದಿಲ್ಲ. ಸ್ಕ್ಯಾನ್ ಆದ ಮೇಲೆ ಆ್ಯಪ್ ತೋರಿಸುವ 6 ಅಂಕಿಯನ್ನು ಗೂಗಲ್ ಪುಟದಲ್ಲಿ ಹಾಕಿದರೆ ಜೋಡಣೆ ಮುಗಿಯಿತು.

ಕಂಪ್ಯೂಟರ್ ಇಲ್ಲ, ಇರುವುದು ಒಂದೇ ಮೊಬೈಲ್. ತನ್ನ ಪರದೆಯನ್ನು ತಾನೇ ಸ್ಕ್ಯಾನ್ ಮಾಡುವುದು ಹೇಗೆ? ಕ್ಯೂಆರ್ ಕೆಳಗೆ 'ಸ್ಕ್ಯಾನ್ ಆಗುತ್ತಿಲ್ಲವೇ' ಅನ್ನುವ ಅರ್ಥದ ಸಾಲು ಇರುತ್ತದೆ. ಒತ್ತಿದರೆ ಉದ್ದನೆಯ ಅಕ್ಷರಗಳ ಕೀ ಕಾಣಿಸುತ್ತದೆ. ಕಾಪಿ ಮಾಡಿ, ಆ್ಯಪ್‌ನಲ್ಲಿ 'ಎಂಟರ್ ಎ ಸೆಟಪ್ ಕೀ' ಆಯ್ದು ಪೇಸ್ಟ್ ಮಾಡಿ. ಬಗೆ ಕೇಳಿದರೆ 'ಟೈಮ್ ಬೇಸ್ಡ್' ಇರಲಿ. ಆ ಕೀಯನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳಿಸಬೇಡಿ, ಮನೆಯವರಿಗೂ ಬೇಡ. ಕೀ ಸಿಕ್ಕವರಿಗೆ ನಿಮ್ಮ ಕೋಡ್ ದಿನಾ ಸಿಕ್ಕಂತೆಯೇ.

ಎಲ್ಲ ಸರಿ ಮಾಡಿದರೂ 'ಕೋಡ್ ತಪ್ಪು' ಅಂತ ಬರುತ್ತಿದ್ದರೆ ಫೋನಿನ ಗಡಿಯಾರ ನೋಡಿ. ಹತ್ತು ನಿಮಿಷ ಮುಂದಿಟ್ಟುಕೊಳ್ಳುವ ಚಟ ಕೆಲವರಿಗಿದೆ. ಇಲ್ಲಿ ಅದು ನಡೆಯದು. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ, ಸಮಯ ತಾನಾಗಿಯೇ ಹೊಂದಿಕೊಳ್ಳುವಂತೆ ಇಡಿ.

ಬ್ಯಾಕಪ್ ಕೋಡ್: ಇದನ್ನು ಬಿಟ್ಟು ಎದ್ದು ಹೋಗಬೇಡಿ

ಅದೇ 2-ಸ್ಟೆಪ್ ಪುಟದಲ್ಲಿ 'ಬ್ಯಾಕಪ್ ಕೋಡ್ಸ್' ಇದೆ. ಗೂಗಲ್ ಒಮ್ಮೆಗೆ 10 ಕೋಡ್ ಕೊಡುತ್ತದೆ, ಒಂದೊಂದೂ 8 ಅಂಕಿಯದು. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಫೋನ್ ಕಳೆದು, ಅಥೆಂಟಿಕೇಟರೂ ಹೋದಾಗ ಒಳಗೆ ಬರಲು ಸುಲಭದ ದಾರಿ ಇದೇ.

ಇವನ್ನು ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿ ಇಟ್ಟರೆ ಫೋನ್ ಜೊತೆಗೇ ಹೋಗುತ್ತವೆ. ಜಿಮೇಲ್‌ಗೆ ಕಳಿಸಿಕೊಂಡರೆ ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದಂತೆ. ಪೆನ್ನು ಹಿಡಿದು ಕಾಗದದ ಮೇಲೆ ಬರೆಯಿರಿ. ಜಮೀನಿನ ಪಹಣಿ, ಪಾಸ್‌ಬುಕ್ ಇಡುವ ಜಾಗದಲ್ಲಿ ಇಡಿ. ಹಳೇ ಕಾಲದ ಉಪಾಯ ಅನ್ನಿಸಬಹುದು, ಆದರೆ ದೂರದಲ್ಲಿ ಕೂತ ಕಳ್ಳನ ಕೈ ನಿಮ್ಮ ಟ್ರಂಕಿನ ತನಕ ಬರುವುದಿಲ್ಲ.

ಗೂಗಲ್ ಅಥೆಂಟಿಕೇಟರ್‌ನಲ್ಲಿ 2023ರಿಂದ ಕೋಡ್‌ಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡುವ, ಅಂದರೆ ಅಲ್ಲೂ ಒಂದು ಪ್ರತಿ ಉಳಿಸುವ, ಸೌಲಭ್ಯವೂ ಇದೆ. ಅನುಕೂಲವೇನೋ ಹೌದು. ಆದರೆ ಆ ಗೂಗಲ್ ಖಾತೆಗೇ ಕೋಡ್ ಬೇಕಾದಾಗ ಏನು ಮಾಡುತ್ತೀರಿ? ಸಿಂಕ್ ಇದ್ದರೂ ಕಾಗದ ಬೇಕೇ ಬೇಕು.

ಇ-ವೇ ಬಿಲ್‌ಗೆ ಬೇರೆ ಆ್ಯಪ್

ಈಗ ಆ ಗಾಡಿ ವಿಷಯಕ್ಕೆ ಬರೋಣ. ಹೊರರಾಜ್ಯಕ್ಕೆ ಕಳಿಸುವ ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಅದರ ಲಾಗಿನ್‌ಗೆ ಎರಡು ಹಂತದ ಗುರುತನ್ನು ಮೊದಲು ದೊಡ್ಡ ವಹಿವಾಟಿನವರಿಗೆ ಕಡ್ಡಾಯ ಮಾಡಿದರು. 2025ರ ಏಪ್ರಿಲ್ 1ರಿಂದ ಸಣ್ಣವರಿಗೂ ಬಂತು. ಓಟಿಪಿಗೆ ಮೂರು ದಾರಿ ಕೊಟ್ಟಿದ್ದಾರೆ: ಎಸ್ಎಂಎಸ್, ಸರ್ಕಾರದ ಮೆಸೇಜಿಂಗ್ ಆ್ಯಪ್ ಸಂದೇಸ್ ಮತ್ತು ಎನ್ಐಸಿ-ಜಿಎಸ್‌ಟಿ-ಶೀಲ್ಡ್ ಆ್ಯಪ್. ಮೂರನೆಯದು ನಮ್ಮ ಅಥೆಂಟಿಕೇಟರ್‌ನಂತೆಯೇ. 30 ಸೆಕೆಂಡಿಗೆ ಹೊಸ ಕೋಡ್, ನೆಟ್‌ವರ್ಕ್ ಬೇಕಿಲ್ಲ. ಇ-ವೇ ಬಿಲ್ ಪೋರ್ಟಲ್‌ನ ಮೆನುವಿನಲ್ಲಿ 2-ಫ್ಯಾಕ್ಟರ್ ಅಥೆಂಟಿಕೇಶನ್ ಅಡಿಯಲ್ಲಿ ಇದರ ಡೌನ್‌ಲೋಡ್ ಇದೆ. ಅಲ್ಲಿಂದಲೇ ತೆಗೆದುಕೊಳ್ಳಿ. ಬೇರೆ ಯಾರೋ ಕಳಿಸಿದ ಫೈಲ್ ಬೇಡ. ಪೋರ್ಟಲ್‌ನಲ್ಲಿ ನೋಂದಾಯಿಸಿದ ಮೊಬೈಲ್ ನಂಬರ್ ಹಾಕಿ ಚಾಲೂ ಮಾಡಬೇಕು.

ಆದರೆ ಮದುವೆ ಮನೆಯ ಮಾಲೀಕರ ಸಮಸ್ಯೆ ಇಷ್ಟಕ್ಕೇ ಮುಗಿಯುವುದಿಲ್ಲ. ಒಂದೇ ಲಾಗಿನ್ ಅನ್ನು ಮಾಲೀಕ, ಲೆಕ್ಕದವನು, ಕೆಲವೊಮ್ಮೆ ಟ್ರಾನ್ಸ್‌ಪೋರ್ಟ್ ಆಫೀಸಿನವನೂ ಹಂಚಿಕೊಂಡಿರುತ್ತಾರೆ. ಅಲ್ಲೇ ಗಂಟು. ಪೋರ್ಟಲ್‌ನ ಯೂಸರ್ ಮ್ಯಾನೇಜ್‌ಮೆಂಟ್ ಒಳಗೆ ಲೆಕ್ಕದ ಹುಡುಗನ ಹೆಸರಲ್ಲಿ ಸಬ್-ಯೂಸರ್ ಮಾಡಿ, ಅವನ ನಂಬರ್ ಕೊಡಿ. ಅವನ ಓಟಿಪಿ ಅವನ ಫೋನಿಗೇ ಬರುತ್ತದೆ. ಅವನು ಕೆಲಸ ಬಿಟ್ಟರೆ ಆ ಸಬ್-ಯೂಸರನ್ನು ಮುಚ್ಚಿದರಾಯಿತು. ನಿಮ್ಮ ಪಾಸ್‌ವರ್ಡ್ ನಿಮ್ಮಲ್ಲೇ ಉಳಿಯುತ್ತದೆ.

ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್

ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡಕ್ಕೂ ದಾರಿ ಒಂದೇ. ಅಕೌಂಟ್ಸ್ ಸೆಂಟರ್, ಪಾಸ್‌ವರ್ಡ್ ಮತ್ತು ಸೆಕ್ಯೂರಿಟಿ, ಟೂ-ಫ್ಯಾಕ್ಟರ್ ಅಥೆಂಟಿಕೇಶನ್. ಉಳಿದದ್ದು ಜಿಮೇಲ್‌ನಂತೆಯೇ.

ವಾಟ್ಸ್‌ಆ್ಯಪ್ ಈ ಆ್ಯಪ್‌ನ ಕೋಡ್ ಕೇಳುವುದಿಲ್ಲ. ಅದಕ್ಕೆ ನೀವೇ ಇಟ್ಟುಕೊಳ್ಳುವ 6 ಅಂಕಿಯ ಪಿನ್ ಇದೆ. ಸೆಟ್ಟಿಂಗ್ಸ್‌ನ ಅಕೌಂಟ್ ಒಳಗೆ 'ಟೂ-ಸ್ಟೆಪ್ ವೆರಿಫಿಕೇಶನ್' ಒತ್ತಿ ಹಾಕಿಕೊಳ್ಳಿ, ಇಮೇಲ್ ವಿಳಾಸವನ್ನೂ ಸೇರಿಸಿ. ಆರ್ಡರ್ ಎಲ್ಲ ವಾಟ್ಸ್‌ಆ್ಯಪ್‌ನಲ್ಲೇ ಬರುವವರು ಇದನ್ನು ನಾಳೆಗೆ ಅಂತ ಬಿಡಬೇಡಿ.

ಇಷ್ಟಾದರೂ ಒಂದು ದಾರಿ ಕಳ್ಳರಿಗೆ ತೆರೆದೇ ಇರುತ್ತದೆ: ನೀವೇ ಕೋಡ್ ಹೇಳುವುದು. ಬ್ಯಾಂಕಿನವನು, ಕಸ್ಟಮರ್ ಕೇರ್‌ನವನು ಅಂತ ಯಾರು ಫೋನ್ ಮಾಡಿ ಕೇಳಿದರೂ ಕೊಡಬೇಡಿ. ನಕಲಿ ವೆಬ್ ಪುಟದಲ್ಲಿ ಟೈಪ್ ಮಾಡಿದರೂ ಹೇಳಿದಷ್ಟೇ ಆಯಿತು. ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟುತ್ತದೆ.

ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ

ಅಂಗಡಿಯಲ್ಲಿ ಹೊಸ ಫೋನ್ ಕೈಗೆ ಬಂದ ಖುಷಿಯಲ್ಲಿ ಹಳೆಯದನ್ನು ಅಲ್ಲೇ ಅಳಿಸಿ ಕೊಟ್ಟುಬಿಡುವವರು ಬಹಳ. ಸಿಮ್ ಬದಲಿಸಿದರೆ ಅಥೆಂಟಿಕೇಟರ್ ಹಿಂದೆ ಬರುವುದಿಲ್ಲ. ಗೂಗಲ್ ಅಥೆಂಟಿಕೇಟರ್ ಮೆನುವಿನಲ್ಲಿ 'ಟ್ರಾನ್ಸ್‌ಫರ್ ಅಕೌಂಟ್ಸ್' ಒತ್ತಿ, ಹಳೇ ಫೋನಿನಲ್ಲಿ ಎಕ್ಸ್‌ಪೋರ್ಟ್ ಆಯ್ದುಕೊಳ್ಳಿ. ಬರುವ ಕ್ಯೂಆರ್ ಅನ್ನು ಹೊಸ ಫೋನಿನ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಆಮೇಲೆ ಹೊಸ ಫೋನಿನ ಕೋಡ್ ಹಾಕಿ ಒಂದು ಖಾತೆಗೆ ಲಾಗಿನ್ ಆಗಿ ನೋಡಿ. ಒಳಗೆ ಹೋದರೆ ಮಾತ್ರ ಹಳೆಯದನ್ನು ಅಳಿಸಿ ಅಂಗಡಿಯವರ ಕೈಗೆ ಕೊಡಿ. ಅಲ್ಲಿಯವರೆಗೆ ಅವರು ಎಷ್ಟೇ ಅವಸರ ಮಾಡಿದರೂ ಕಾಯಿಸಿ.