ಅಲಾಯ್ ಹಾಕಿಸಿದ ಮೇಲೆ ಸ್ಟೀರಿಂಗ್ ನಡುಕ: ನನ್ನ ಅನುಭವ

ನಮ್ಮ ಸ್ವಿಫ್ಟ್‌ನ 14 ಇಂಚಿನ ವೀಲ್ ತೆಗೆಸಿ 15 ಇಂಚಿನ ಅಲಾಯ್ ಹಾಕಿಸಿದೆ. ಟೈರ್ 165/80 (ಅಗಲ 165 ಮಿ.ಮೀ., ಪಕ್ಕದ ಗೋಡೆ ಅಂದರೆ ಸೈಡ್‌ವಾಲ್ ಎತ್ತರ ಅದರ ಶೇ. 80) ಇದ್ದದ್ದು 185/65 ಆಯಿತು. ಹೊರವ್ಯಾಸ ಮಾತ್ರ ಮೊದಲಿನ ಹಾಗೇ 620 ಮಿ.ಮೀ. ಆಸುಪಾಸು, ಹಾಗಾಗಿ ಸ್ಪೀಡೋಮೀಟರ್ ಲೆಕ್ಕ ಕೆಡುವುದಿಲ್ಲ. 16 ಇಂಚು ನೋಡೋಕೆ ಚೆಂದ, ನಿಜ. ಆದರೆ ಸೈಡ್‌ವಾಲ್ ಇನ್ನೂ ಗಿಡ್ಡ. ಬೆಂಗಳೂರಿನ ಗುಂಡಿಗೆ ಇಳಿದರೆ ರಿಮ್ ಬೆಂಡ್ ಆಗುತ್ತೆ, ಸುಮ್ನೆ ಯಾಕೆ ಅಲ್ವಾ?

ತೊಂದರೆ ಗೊತ್ತಾಗಿದ್ದು ನೈಸ್ ರಸ್ತೆಯಲ್ಲಿ. 80 ದಾಟಿದರೆ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಊರೊಳಗೆ 40 ಮುಟ್ಟೋದೇ ಕಷ್ಟ, ಅಲ್ಲಿ ಎಲ್ಲಿ ಗೊತ್ತಾಗಬೇಕು! ಅಂಗಡಿಯವರು ಬ್ಯಾಲೆನ್ಸಿಂಗ್ (ವೀಲಿನ ತೂಕ ಸುತ್ತಲೂ ಸಮ ಮಾಡೋದು), ವೀಲ್‌ಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮತ್ತೆ ಮಾಡಿಕೊಟ್ಟರು. ನಡುಕ ಹೋಗಲಿಲ್ಲ.

ಜೆ.ಸಿ. ರಸ್ತೆಯ ಮೆಕ್ಯಾನಿಕ್ ಒಬ್ಬರು ವೀಲ್ ಬಿಚ್ಚಿ, ನಡುವಿನ ತೂತಿಗೆ ವರ್ನಿಯರ್ (ವ್ಯಾಸ ಅಳೆಯುವ ಸಾಧನ) ಹಿಡಿದರು. 67.1 ಮಿ.ಮೀ. ಸ್ವಿಫ್ಟ್‌ನ ಹಬ್, ಅಂದರೆ ಆ ತೂತಿನೊಳಗೆ ಕೂರಬೇಕಾದ ನಡುಭಾಗ, 54.1. "ನೋಡಿ ಸಾರ್, ವೀಲು ಹಬ್ ಮೇಲೆ ಕೂತೇ ಇಲ್ಲ. ಬರೀ ಬೋಲ್ಟ್ ಮೇಲೆ ನಿಂತಿದೆ" ಅಂದರು. 4x100 ಪಿಸಿಡಿ (ನಾಲ್ಕು ಬೋಲ್ಟ್, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ.) ಸರಿಯಾಗಿತ್ತು, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ನಟ್ ಬಿಗಿಯುವಾಗ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ವೇಗದಲ್ಲಿ ಅಲುಗಾಟ ಬರುತ್ತದೆ. ಬ್ಯಾಲೆನ್ಸಿಂಗ್ ಯಂತ್ರ ವೀಲನ್ನು ನಡುತೂತಿನಲ್ಲೇ ಹಿಡಿಯುವುದರಿಂದ ಅಲ್ಲಿ ಎಲ್ಲಾ ಸರಿಯಾಗೇ ಕಾಣುತ್ತದೆ.

ಹೊರಗೆ 67.1, ಒಳಗೆ 54.1 ಇರುವ, ಆ ಸಂದು ತುಂಬುವ ಹಬ್ ರಿಂಗ್ ತರಿಸಿದೆವು. ಅವರು ಹಬ್‌ನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ರಿಂಗ್ ಕೂರಿಸಿ, ನಟ್‌ಗಳನ್ನು ಎದುರುಬದುರಾಗಿ ಬಿಗಿದರು. ಈಗ 100ರಲ್ಲೂ ಸ್ಟೀರಿಂಗ್ ತೆಪ್ಪಗಿರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ವೀಲ್ ಬಿಚ್ಚಿದಾಗ ಮಾತ್ರ ರಿಂಗ್ ಎಲ್ಲೋ ಉರುಳಿಹೋಗದ ಹಾಗೆ ಪಕ್ಕದಲ್ಲೇ ನಿಂತು ನೋಡುತ್ತೇನೆ.